ಅಡಿಕೆ ಅಂಗಡಿಗೆ ನಿಮ್ಮದೇ ಆ್ಯಪ್: ಕೋಡಿಂಗ್ ಇಲ್ಲದೆ, ಎಐ ಜೊತೆ ಕೂತು ಮಾಡುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಂಗಡಿಯವರು ಆ್ಯಪ್ ಮಾಡಲು ಹೊರಟು ನಿಲ್ಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಎಐ ತೆರೆದು "ಅಡಿಕೆ ಅಂಗಡಿಗೆ ಒಂದು ಆ್ಯಪ್ ಮಾಡಿಕೊಡು" ಎಂದು ಬರೆಯುತ್ತಾರೆ. ಹತ್ತು ನಿಮಿಷದಲ್ಲಿ ಚಂದದ ಪರದೆ ಬರುತ್ತದೆ. ಎರಡು ದಿನ ಖುಷಿ. ಮೂರನೇ ದಿನ ಒಬ್ಬ ಕೃಷಿಕರು ಪಿಕಪ್‌ನಲ್ಲಿ ಹೊಸ ಅಡಿಕೆ, ಪಟೋರ, ಕರಿಗೋಟು ಎಂದು ಅಡಿಕೆಯ ಮೂರು ಬಗೆಯನ್ನೂ ಒಟ್ಟಿಗೆ ತರುತ್ತಾರೆ. ಆ್ಯಪ್‌ನಲ್ಲಿ ಒಂದೇ ಬಗೆಗೆ ಜಾಗ. ಹೊರಗೆ ಇನ್ನೂ ನಾಲ್ಕು ಗಾಡಿ ನಿಂತಿರುತ್ತದೆ. ಕೈ ತಾನಾಗಿ ಹಳೆ ಚೀಟಿ ಪುಸ್ತಕಕ್ಕೆ ಹೋಗುತ್ತದೆ.

ತಪ್ಪು ಎಐಯದ್ದಲ್ಲ, ಅಂಗಡಿಯವರದ್ದೂ ಅಲ್ಲ. ಕೆಲಸದ ಕ್ರಮ ತಿರುಗುಮುರುಗಾಗಿದೆ, ಅಷ್ಟೆ. ಪರದೆ ಕೊನೆಗೆ ಬರಬೇಕು. ಮೊದಲು ಚೀಟಿ, ಆಮೇಲೆ ಪಟ್ಟಿ, ಆಮೇಲೆ ಎಐ. ಈ ಕ್ರಮ ಬಿಡದೆ ಹೋದರೆ ಲೆಕ್ಕ ಬರೆಯುವ ಯಾರು ಬೇಕಾದರೂ ಮೂರು ನಾಲ್ಕು ವಾರದ ಸಂಜೆಗಳಲ್ಲಿ ಕೆಲಸಕ್ಕೆ ಬರುವ ಆ್ಯಪ್ ಮಾಡಬಹುದು. ಇಲ್ಲಿ ಅಡಿಕೆ ಖರೀದಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕಾಳುಮೆಣಸು, ರಬ್ಬರ್, ತೆಂಗಿನಕಾಯಿ ಕೊಳ್ಳುವವರಿಗೂ ಇದೇ ಕ್ರಮ ಸಾಕು.

## ಕೂರುವ ಮೊದಲು ಬೇಕಾದವು

ಒಂದು ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್. ಆ್ಯಪ್ ಬಳಸುವುದು ಮೊಬೈಲಿನಲ್ಲಿ, ಆದರೆ ಮಾಡುವುದನ್ನು ಮೊಬೈಲಿನಲ್ಲಿ ಶುರು ಮಾಡಬೇಡಿ. ಸಣ್ಣ ಪರದೆಯಲ್ಲಿ ಅರ್ಧ ಆಯ್ಕೆಗಳು ಕಣ್ಣಿಗೇ ಬೀಳುವುದಿಲ್ಲ.

ಅಂಗಡಿಯ ಹೆಸರಿನಲ್ಲೇ ಒಂದು ಹೊಸ ಗೂಗಲ್ ಖಾತೆ. ಇದು ಮುಖ್ಯ. ಕೆಲಸದ ಹುಡುಗನ ಜಿಮೇಲ್‌ನಲ್ಲಿ ಮಾಡಿದರೆ, ಅವನು ಗಲ್ಫಿಗೆ ಹೊರಟ ದಿನ ಆ್ಯಪ್ ಕೂಡ ಅವನ ಜೊತೆಗೇ ಹೋಗುತ್ತದೆ.

ಎಐ ಯಾವುದಾದರೂ ಆಗಬಹುದು: ಜೆಮಿನೈ, ಚಾಟ್‌ಜಿಪಿಟಿ, ಕ್ಲಾಡ್. ಮೂರಕ್ಕೂ ಕನ್ನಡ ಅರ್ಥವಾಗುತ್ತದೆ. ಆ್ಯಪ್ ಕಟ್ಟುವ ಜಾಗವಾಗಿ ನಾನು ಹೇಳುವುದು ಗೂಗಲ್ ಶೀಟ್ಸ್ ಮತ್ತು ಅದರ ಮೇಲೆ ಕೂರುವ ಆಪ್‌ಶೀಟ್ (ಶೀಟ್‌ನಲ್ಲಿರುವ ಲೆಕ್ಕವನ್ನು ಮೊಬೈಲ್ ಆ್ಯಪ್ ಆಗಿ ಮಾಡಿಕೊಡುವ ಗೂಗಲ್‌ನದ್ದೇ ಸಾಧನ). ಕಾರಣ ಎರಡು. ನಿಮ್ಮ ಲೆಕ್ಕ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುವ ಶೀಟ್‌ನಲ್ಲೇ ಇರುತ್ತದೆ. ಸಿಗ್ನಲ್ ಇಲ್ಲದಾಗಲೂ ಮೊಬೈಲಿನಲ್ಲಿ ಬರೆದಿಟ್ಟು, ಸಿಗ್ನಲ್ ಬಂದ ಮೇಲೆ ಕಳುಹಿಸುವ ವ್ಯವಸ್ಥೆ ಅದರಲ್ಲಿದೆ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯ ಗುಡ್ಡದ ಬದಿಯಲ್ಲಿ ಇರುವವರಿಗೆ ಎರಡನೆಯದರ ಬೆಲೆ ಗೊತ್ತೇ ಇದೆ.

ಖರ್ಚಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಆಪ್‌ಶೀಟ್‌ನಲ್ಲಿ ಮಾಡಿ ನೋಡುವುದಕ್ಕೆ, 10 ಜನರ ತನಕ ಪರೀಕ್ಷೆಗೆ, ಹಣ ಕೊಡಬೇಕಿಲ್ಲ. ದಿನನಿತ್ಯದ ಕೆಲಸಕ್ಕೆ ಇಳಿಸುವಾಗ ತಲಾ ತಿಂಗಳ ಶುಲ್ಕ ಇದೆ. ಅಂಗಡಿಗೆ ಗೂಗಲ್ ವರ್ಕ್‌ಸ್ಪೇಸ್ (ಹಣ ಕೊಟ್ಟು ಪಡೆಯುವ ಗೂಗಲ್‌ನ ವ್ಯಾಪಾರಿ ಖಾತೆ) ಇದ್ದರೆ ಹೆಚ್ಚಿನ ಪ್ಲಾನ್‌ಗಳಲ್ಲಿ ಆಪ್‌ಶೀಟ್ ಸೇರಿಯೇ ಬರುತ್ತದೆ. ಎಷ್ಟು ಜನ ಬಳಸುತ್ತಾರೆ ಎಂದು ಎಣಿಸಿ, ಅವತ್ತಿನ ಶುಲ್ಕ ನೋಡಿಕೊಂಡೇ ಮುಂದುವರಿಯಿರಿ.

ಎಲ್ಲಕ್ಕಿಂತ ಮುಖ್ಯವಾದ ಸಾಮಾನು: ಕಳೆದ ಸೀಸನ್ನಿನ ಚೀಟಿ ಪುಸ್ತಕ.

## ಹಂತ 1: ಒಂದೇ ಕೆಲಸ ಆರಿಸಿ

ಖರೀದಿ, ಮಾರಾಟ, ಕೆಲಸದವರ ಸಂಬಳ, ಗೋದಾಮು, ಲಾರಿ ಬಾಡಿಗೆ ಎಲ್ಲವೂ ಒಂದೇ ಆ್ಯಪ್‌ನಲ್ಲಿ ಬರಲಿ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಮೊದಲ ಆ್ಯಪ್‌ಗೆ ಇದು ಬೇಡ. ಯಾವ ಕೆಲಸದಲ್ಲಿ ದಿನಾ ಜಾಸ್ತಿ ಬರೆಯುತ್ತೀರಿ, ಎಲ್ಲಿ ಜಾಸ್ತಿ ಜಗಳ ಬರುತ್ತದೆ, ಅದನ್ನು ಮಾತ್ರ ತೆಗೆದುಕೊಳ್ಳಿ. ಅಡಿಕೆ ಅಂಗಡಿಯಲ್ಲಿ ಅದು ಖರೀದಿ ಮತ್ತು ಮುಂಗಡ.

ಒಂದು ವಾಕ್ಯ ಬರೆದು ಮೇಜಿಗೆ ಅಂಟಿಸಿ: "ಕೃಷಿಕರು ತಂದ ಅಡಿಕೆಯ ತೂಕ, ಧಾರಣೆ, ಕೊಟ್ಟ ಹಣ, ಉಳಿದ ಬಾಕಿ ಇಷ್ಟನ್ನು ಸರಿಯಾಗಿ ಹೇಳಬೇಕು." ಮುಂದೆ ಯಾರಾದರೂ "ಇದೂ ಇರಲಿ" ಎಂದಾಗ ಆ ವಾಕ್ಯ ನೋಡಿ.

ಜಿಎಸ್‌ಟಿ ಬಿಲ್ಲನ್ನು ಈ ಆ್ಯಪ್‌ನಿಂದ ತೆಗೆಯಲು ಹೋಗಬೇಡಿ. ಮಂಗಳೂರು, ಪುತ್ತೂರು ಕಡೆಗೆ ಗಡಿ ದಾಟುವ ಲೋಡಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಬೇಕು. ಅದನ್ನು ಸರ್ಕಾರದ ಪೋರ್ಟಲ್‌ನಲ್ಲೇ ಮಾಡಬೇಕು. ಆ್ಯಪ್‌ನಲ್ಲಿ ಅದರ ನಂಬರು ಬರೆದಿಡಲು ಒಂದು ಜಾಗ ಇದ್ದರೆ ಸಾಕು.

## ಹಂತ 2: ಮೂವತ್ತು ಹಳೆ ಚೀಟಿ ಹರಡಿ

ಈ ಹಂತವನ್ನು ಹಾರಿದವರೇ ಮುಂದೆ ಹೆಚ್ಚು ಕಷ್ಟಪಟ್ಟದ್ದು. ಹಾಗಾಗಿ ಇಲ್ಲಿ ನಿಧಾನ ಮಾಡಿ.

ಕಳೆದ ಸೀಸನ್ನಿನಲ್ಲಿ ಅಂಗಡಿ ತುಂಬಿ ತುಳುಕಿದ ಒಂದು ದಿನವನ್ನು ನೆನಪಿಸಿಕೊಳ್ಳಿ. ಆ ದಿನದ ಮೂವತ್ತು ಚೀಟಿ ತೆಗೆಯಿರಿ. ಖಾಲಿ ದಿನದ್ದು ಬೇಡ, ಅದರಲ್ಲಿ ಎಲ್ಲವೂ ನೇರವಾಗಿ ಇರುತ್ತದೆ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ.

ಮೊದಲನೆಯದು, ಎಲ್ಲ ಚೀಟಿಯಲ್ಲೂ ಇರುವ ವಿಷಯ: ತಾರೀಕು, ಹೆಸರು, ಬಗೆ, ತೂಕ, ಧಾರಣೆ, ಮೊತ್ತ.

ಎರಡನೆಯದು, ಚೀಟಿಯ ಬದಿಯಲ್ಲಿ, ಹಿಂದೆ, ಪೆನ್ಸಿಲಿನಲ್ಲಿ ಬರೆದದ್ದು. "ಮಗ ಬಂದು ಹಣ ತೆಗೆದುಕೊಂಡು ಹೋದ." "ಗೋಣಿ 4 ವಾಪಸ್ ಕೊಡಬೇಕು." "ಪಸೆ (ತೇವ) ಇದೆ, 2 ಕಿಲೋ ಕಡಿತ." "ಧಾರಣೆ ನಾಳೆ ಮಾಡುವುದು." "ಹಳೆ ಮುಂಗಡದಲ್ಲಿ 20,000 ಕಳೆದಿದೆ." ನಿಮ್ಮ ಆ್ಯಪ್ ಸೋಲುವುದೂ ಗೆಲ್ಲುವುದೂ ಈ ಎರಡನೇ ಪಟ್ಟಿಯಲ್ಲಿ. ಪೇಟೆಯಲ್ಲಿ ಸಿಗುವ ರೆಡಿಮೇಡ್ ಸಾಫ್ಟ್‌ವೇರ್ ಮೊದಲ ಪಟ್ಟಿಯನ್ನು ಚೆನ್ನಾಗಿಯೇ ಮಾಡುತ್ತದೆ. ನೀವು ನಿಮ್ಮದೇ ಆ್ಯಪ್ ಮಾಡಲು ಹೊರಟದ್ದು ಎರಡನೆಯದಕ್ಕಾಗಿ, ಅಲ್ವಾ?

ಎರಡನೇ ಪಟ್ಟಿಯ ಒಂದೊಂದು ಸಾಲಿನ ಎದುರು ಬರೆಯಿರಿ: ದಿನಾ ಬರುತ್ತದೆ, ವಾರಕ್ಕೊಮ್ಮೆ, ವರ್ಷಕ್ಕೊಮ್ಮೆ. ದಿನಾ ಬರುವುದಕ್ಕೆ ಆ್ಯಪ್‌ನಲ್ಲಿ ಸ್ವಂತ ಜಾಗ ಬೇಕು. ವರ್ಷಕ್ಕೊಮ್ಮೆ ಬರುವುದಕ್ಕೆ "ಟಿಪ್ಪಣಿ" ಎಂಬ ಒಂದು ಕಾಲಂ ಸಾಕು.

ತೂಕ ಮಾಡುವವರನ್ನೂ ಲೆಕ್ಕ ಬರೆಯುವವರನ್ನೂ ಕೂರಿಸಿಕೊಂಡೇ ಇದನ್ನು ಮಾಡಿ. ಧಣಿಗಳಿಗೆ ಗೊತ್ತಿಲ್ಲದ ಹತ್ತು ವಿಷಯ ತಕ್ಕಡಿ ಹತ್ತಿರ ನಿಂತವರಿಗೆ ಗೊತ್ತಿರುತ್ತದೆ.

## ಹಂತ 3: ಎಐಗೆ ಉತ್ತರ ಕೊಡಿ, ಆಜ್ಞೆ ಬೇಡ

ಈಗ ಎಐ ತೆರೆಯಿರಿ. ಆ್ಯಪ್ ಮಾಡು ಎನ್ನಬೇಡಿ. ನಿಮ್ಮನ್ನೇ ಪ್ರಶ್ನೆ ಕೇಳಲು ಹೇಳಿ. ನಾನು ಬರೆಯುವುದು ಹೀಗೆ:

> ನಾನು ಅಡಿಕೆ ಖರೀದಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಗೂಗಲ್ ಶೀಟ್ಸ್ ಮತ್ತು ಆಪ್‌ಶೀಟ್‌ನಲ್ಲಿ ಖರೀದಿ ಆ್ಯಪ್ ಮಾಡಬೇಕು. ಈಗಲೇ ಏನೂ ಮಾಡಿಕೊಡಬೇಡ. ನನ್ನ ಕೆಲಸ ಪೂರ್ತಿ ಅರ್ಥವಾಗುವ ತನಕ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನಾವು ಬಳಸುವ ಪದಗಳು: ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು, ಕೋಕ, ಗೋಣಿ ಕಡಿತ, ಧಾರಣೆ, ಮುಂಗಡ, ಬಾಕಿ. ಈ ಪದಗಳನ್ನು ಬದಲಾಯಿಸಬೇಡ. ದಿನಾ ಬರುವ ತೊಡಕುಗಳು ಇವು: (ಇಲ್ಲಿ ನಿಮ್ಮ ಎರಡನೇ ಪಟ್ಟಿ)

ಪದಗಳನ್ನು ನೀವೇ ಕೊಡಬೇಕು. ಇಲ್ಲದಿದ್ದರೆ ಅದು ಪಟೋರಕ್ಕೆ "ದರ್ಜೆ 2" ಎಂದು ಹೆಸರಿಡುತ್ತದೆ. ಆಮೇಲೆ ಅಂಗಡಿಯಲ್ಲಿ ಯಾರಿಗೂ ಅದು ಏನೆಂದು ಗೊತ್ತಾಗುವುದಿಲ್ಲ.

ಹತ್ತು ಹದಿನೈದು ಪ್ರಶ್ನೆಗಳ ಒಳಗೆ ಒಳ್ಳೆಯ ವಿಷಯ ಹೊರಗೆ ಬರುತ್ತದೆ. "ಒಬ್ಬರ ಅಡಿಕೆಯ ಹಣವನ್ನು ಇನ್ನೊಬ್ಬರು ಪಡೆಯಬಹುದೇ?" ಎಂದು ಕೇಳಿದಾಗ ನಿಮಗೇ ಹೊಳೆಯುತ್ತದೆ, ಹಣ ಪಡೆದವರ ಹೆಸರಿಗೆ ಬೇರೆ ಜಾಗ ಬೇಕೆಂದು.

ಎಚ್ಚರ: ಚೀಟಿಯ ಫೋಟೋ ತೆಗೆದು ಹಾಗೇ ಎಐಗೆ ಹಾಕಬೇಡಿ. ಅದರಲ್ಲಿ ಕೃಷಿಕರ ಹೆಸರು, ಫೋನ್, ಕೆಲವೊಮ್ಮೆ ಬ್ಯಾಂಕ್ ಖಾತೆ ಇರುತ್ತದೆ. ಅವರು ಅದನ್ನು ನಿಮ್ಮನ್ನು ನಂಬಿ ಕೊಟ್ಟದ್ದು. ಜನರ ಡಿಜಿಟಲ್ ವೈಯಕ್ತಿಕ ಮಾಹಿತಿಯನ್ನು ಕಾಪಾಡಲು 2023ರಲ್ಲಿ ಕಾಯ್ದೆಯೇ ಬಂದಿದೆ. "ಕೃಷಿಕ 1, ಕೃಷಿಕ 2" ಎಂದು ಬರೆದರೆ ಎಐ ಕೆಲಸಕ್ಕೆ ಧಾರಾಳ ಸಾಕು. ಆಧಾರ್ ನಂಬರನ್ನಂತೂ ಎಐಗೂ ಕೊಡಬೇಡಿ, ನಿಮ್ಮ ಶೀಟ್‌ನಲ್ಲೂ ಇಡಬೇಡಿ.

## ಹಂತ 4: ಐದು ಪಟ್ಟಿ, ಐದು ನಿಯಮ

ಪ್ರಶ್ನೆ ಮುಗಿದ ಮೇಲೆ "ಈಗ ಶೀಟ್‌ನ ಪಟ್ಟಿಗಳನ್ನು ಸೂಚಿಸು" ಎನ್ನಿ. ಅದು ಏನೇ ಕೊಡಲಿ, ಅಡಿಕೆ ಖರೀದಿಗೆ ಈ ಐದು ಇರಲೇಬೇಕು.

1. ಕೃಷಿಕರು: ಹೆಸರು, ಮನೆ ಅಥವಾ ಊರು, ಫೋನ್.
2. ಬಗೆ: ಅಡಿಕೆಯ ಬಗೆ, ಇವತ್ತಿನ ಧಾರಣೆ.
3. ಖರೀದಿ: ತಾರೀಕು, ಯಾರದ್ದು, ಚೀಟಿ ನಂಬರು, ಟಿಪ್ಪಣಿ.
4. ಖರೀದಿ ಸಾಲು: ಯಾವ ಖರೀದಿಗೆ ಸೇರಿದ್ದು, ಬಗೆ, ಒಟ್ಟು ತೂಕ, ಗೋಣಿ ಕಡಿತ (ಖಾಲಿ ಗೋಣಿಯ ತೂಕ), ಪಸೆ ಕಡಿತ, ಧಾರಣೆ.
5. ಹಣ: ತಾರೀಕು, ಯಾರ ಲೆಕ್ಕಕ್ಕೆ, ಎಷ್ಟು, ನಗದೋ ಬ್ಯಾಂಕೋ, ಯಾರು ಪಡೆದರು.

ಮೂರು ಮತ್ತು ನಾಲ್ಕನ್ನು ಬೇರೆ ಬೇರೆ ಮಾಡಿದ್ದು ಯಾಕೆ? ಮೊದಲಿಗೆ ಹೇಳಿದ ಪಿಕಪ್ ನೆನಪಿದೆಯಲ್ಲ. ಒಂದು ಸಲ ಬಂದದ್ದು ಒಂದು ಖರೀದಿ. ಅದರೊಳಗೆ ಬಗೆಗೊಂದು ಸಾಲು. ಒಂದು ಲೆಕ್ಕ ನೋಡಿ (ಧಾರಣೆ ಉದಾಹರಣೆಗೆ ಮಾತ್ರ). ಹೊಸ ಅಡಿಕೆ ಎರಡು ಗೋಣಿ, ಒಟ್ಟು 131.400 ಕಿಲೋ, ಗೋಣಿ ಕಡಿತ 1.600. ಉಳಿದದ್ದು 129.800 ಕಿಲೋ. 420 ರೂಪಾಯಿಯಂತೆ 54,516. ಪಟೋರ ಒಂದು ಗೋಣಿ 38.600, ಕಡಿತ 0.800, ಉಳಿದದ್ದು 37.800. 300ರಂತೆ 11,340. ಒಟ್ಟು 65,856. ಮುಂಗಡದಲ್ಲಿ 20,000 ಕಳೆದರೆ ಕೊಡಬೇಕಾದದ್ದು 45,856. ನೀವು ಮಾಡುವ ಆ್ಯಪ್ ಈ ಉತ್ತರವನ್ನು ಒಂದು ಪೈಸೆ ಆಚೀಚೆ ಇಲ್ಲದೆ ಕೊಡಬೇಕು. ನಿಮ್ಮದೇ ಒಂದು ಹಳೆ ಚೀಟಿಯಿಂದ ಇಂಥ ಲೆಕ್ಕವೊಂದನ್ನು ಆರಿಸಿ ಕಡೆಯ ತನಕ ಜೊತೆಗಿಟ್ಟುಕೊಳ್ಳಿ.

ಇನ್ನು ನಿಯಮಗಳು.

ಹೆಸರು ಗುರುತಲ್ಲ. ನಮ್ಮ ಕಡೆ ಒಂದೇ ಪಂಚಾಯತಿನಲ್ಲಿ ನಾಲ್ವರು ನಾರಾಯಣ ಭಟ್ಟರು, ಐವರು ಮಹಮ್ಮದ್ ಇರುತ್ತಾರೆ. ಅದರ ಮೇಲೆ ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಥರ. ಪ್ರತಿಯೊಂದು ಪಟ್ಟಿಗೂ "ಐಡಿ" ಎಂಬ ಕಾಲಂ ಇಟ್ಟು, ಅದನ್ನು ಆಪ್‌ಶೀಟ್‌ನ ಯುನೀಕ್‌ಐಡಿ ಫಾರ್ಮುಲಾದಿಂದ (ಒಂದೊಂದು ಸಾಲಿಗೂ ಬೇರೆ ಬೇರೆ ಗುರುತು ಕೊಡುವುದು) ತುಂಬಿಸಿ. ಸಾಲಿನ ನಂಬರನ್ನು ಗುರುತಾಗಿ ಇಡಬೇಡಿ. ಶೀಟ್‌ನಲ್ಲಿ ಯಾರಾದರೂ ಒಂದು ಸಾಲು ಅಳಿಸಿದರೆ ಒಬ್ಬರ ಅಡಿಕೆ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ.

ಧಾರಣೆ ಆ ದಿನದ್ದೇ ಉಳಿಯಬೇಕು. ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ನನ್ನ ಮೊದಲ ಆ್ಯಪ್‌ನಲ್ಲಿ ಮೊತ್ತವನ್ನು "ಬಗೆ" ಪಟ್ಟಿಯ ಇವತ್ತಿನ ಧಾರಣೆಗೇ ಕಟ್ಟಿದ್ದೆ. ಒಂದು ಬೆಳಿಗ್ಗೆ ಧಾರಣೆ 5 ರೂಪಾಯಿ ಏರಿತು, ಬದಲಾಯಿಸಿದೆ. ಹಿಂದಿನ ತಿಂಗಳ ಎಲ್ಲ ಖರೀದಿಯ ಮೊತ್ತವೂ ಏರಿತು. ಬಾಕಿ ಇರುವವರ ಲೆಕ್ಕವೆಲ್ಲ ಕಲಸಿಹೋಯಿತು. ಸರಿಮಾಡಲು ನಾಲ್ಕು ರಾತ್ರಿ ಚೀಟಿ ಹಿಡಿದು ಕೂರಬೇಕಾಯಿತು. ಹಾಗಾಗಿ ಧಾರಣೆಗೆ "ಖರೀದಿ ಸಾಲು" ಪಟ್ಟಿಯಲ್ಲೇ ಸ್ವಂತ ಕಾಲಂ ಇರಲಿ. ಇವತ್ತಿನ ಧಾರಣೆ ಅಲ್ಲಿಗೆ ನಕಲಾಗಿ ಬಂದು ಅಲ್ಲೇ ಉಳಿಯಬೇಕು. ಹೇಗೆ ಎಂದು 6ನೇ ಹಂತದಲ್ಲಿ ಹೇಳುತ್ತೇನೆ.

ಬಾಕಿ, ದಾಸ್ತಾನು ಬರೆಯುವ ಅಂಕಿಯಲ್ಲ, ಕೂಡಿ ಕಳೆದು ಬರುವ ಅಂಕಿ. "ಬಾಕಿ" ಎಂಬ ಕಾಲಂನಲ್ಲಿ ಕೈಯಿಂದ ತಿದ್ದುತ್ತಾ ಹೋದರೆ ಯಾರು ಯಾವಾಗ ತಿದ್ದಿದರು ಎಂದು ಯಾರಿಗೂ ಗೊತ್ತಾಗದು. ಬಂದದ್ದು ಒಂದು ಸಾಲು, ಹೋದದ್ದು ಒಂದು ಸಾಲು. ಉಳಿದದ್ದನ್ನು ಫಾರ್ಮುಲಾ ಹೇಳಲಿ. ಮುಂಗಡ ಕೂಡ "ಹಣ" ಪಟ್ಟಿಯಲ್ಲಿ ಒಂದು ಸಾಲು, ಅಷ್ಟೆ. ಬೇರೆ ಪುಸ್ತಕ ಬೇಡ.

ಅಳಿಸುವುದಿಲ್ಲ, ರದ್ದು ಮಾಡುವುದು. ಖರೀದಿಗೂ ಹಣಕ್ಕೂ "ರದ್ದು" ಎಂಬ ಹೌದು-ಅಲ್ಲ ಕಾಲಂ ಇರಲಿ. ರದ್ದಾದದ್ದು ಮೊತ್ತಕ್ಕೆ ಸೇರಬಾರದು, ಆದರೆ ಕಣ್ಣಿಗೆ ಕಾಣಬೇಕು.

ಚೀಟಿ ನಂಬರಿಗೆ ಮೊಬೈಲಿನ ಅಕ್ಷರ. ಸಿಗ್ನಲ್ ಇಲ್ಲದಾಗ ಎರಡು ಮೊಬೈಲೂ "ಮುಂದಿನ ನಂಬರು 118" ಎಂದೇ ತಿಳಿಯುತ್ತವೆ. ತಕ್ಕಡಿ ಹತ್ತಿರದ್ದಕ್ಕೆ ಕ-118, ಲೆಕ್ಕದ ಮೇಜಿನದ್ದಕ್ಕೆ ಗ-118 ಎಂದಿದ್ದರೆ ಗಲಾಟೆ ಇಲ್ಲ.

## ಹಂತ 5: ಶೀಟ್ ಸಿದ್ಧ ಮಾಡಿ

ಸಣ್ಣ ಕೆಲಸ, ಆದರೆ ಇಲ್ಲಿ ತಪ್ಪಿದರೆ ಮುಂದೆ ವಿಚಿತ್ರ ತೊಂದರೆಗಳು ಬರುತ್ತವೆ.

ಹೊಸ ಗೂಗಲ್ ಶೀಟ್ ತೆರೆದ ತಕ್ಷಣ ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ತಾರೀಕು, ಅಂಕಿ ಬರೆಯುವ ಕ್ರಮ ಯಾವ ದೇಶದ್ದು ಎಂಬ ಆಯ್ಕೆ) "ಇಂಡಿಯಾ" ಮಾಡಿ, ಟೈಮ್ ಝೋನ್ ಕೂಡ ನಮ್ಮದೇ ಮಾಡಿ. ಅಮೆರಿಕದ ಲೊಕೇಲ್ ಇದ್ದರೆ 05/12 ಎಂದು ಬರೆದದ್ದು ಡಿಸೆಂಬರ್ 5ರ ಬದಲು ಮೇ 12 ಆಗುತ್ತದೆ. ತಿಂಗಳ ಮೊದಲ 12 ದಿನ ತಪ್ಪು ಗೊತ್ತೇ ಆಗದು, 13ನೇ ತಾರೀಕಿಗೆ ಗೊತ್ತಾಗುತ್ತದೆ. ಮೊಬೈಲಿನ ಭಾಷೆ ಮತ್ತು ಪ್ರದೇಶವನ್ನೂ ಹಾಗೆಯೇ ನೋಡಿಕೊಳ್ಳಿ.

ಪಟ್ಟಿಗೊಂದು ಟ್ಯಾಬ್. ಮೊದಲ ಸಾಲಿನಲ್ಲಿ ಕಾಲಂ ಹೆಸರು ಮಾತ್ರ. ಮೇಲೆ ಅಂಗಡಿ ಹೆಸರು, ನಡುವೆ ಖಾಲಿ ಸಾಲು, ಕೆಳಗೆ ಒಟ್ಟು ಮೊತ್ತ, ಸೇರಿಸಿದ ಚೌಕಗಳು ಯಾವುದೂ ಬೇಡ. ಕಾಲಂ ಹೆಸರು ಇಂಗ್ಲಿಷಿನ ಸಣ್ಣ ಪದಗಳಲ್ಲಿ ಇರಲಿ. ಎಐ ಕೊಡುವ ಫಾರ್ಮುಲಾ ಆಗ ತಪ್ಪುವುದು ಕಡಿಮೆ. ಪರದೆಯಲ್ಲಿ ಕನ್ನಡ ಕಾಣುವಂತೆ ಆಮೇಲೆ ಮಾಡಬಹುದು. ಫೋನ್ ಕಾಲಂ ಅನ್ನು "ಪ್ಲೇನ್ ಟೆಕ್ಸ್ಟ್" ಮಾಡಿ, ಇಲ್ಲದಿದ್ದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಪ್ರತಿ ಪಟ್ಟಿಯಲ್ಲಿ ಐದಾರು ಸಾಲು ಮಾದರಿ ತುಂಬಿಸಿ. ಕಾಲಂ ಅಂಕಿಯದ್ದೋ ಅಕ್ಷರದ್ದೋ ಎಂದು ಆಪ್‌ಶೀಟ್ ಅದನ್ನು ನೋಡಿಯೇ ಊಹಿಸುವುದು.

## ಹಂತ 6: ಆಪ್‌ಶೀಟ್‌ನಲ್ಲಿ ಕಟ್ಟಿ

ಶೀಟ್‌ನ ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿ ಆಪ್‌ಶೀಟ್, ಅದರಲ್ಲಿ "ಕ್ರಿಯೇಟ್ ಆ್ಯನ್ ಆ್ಯಪ್". ಒಂದು ಪಟ್ಟಿ ಬಂದಿರುತ್ತದೆ, ಉಳಿದ ನಾಲ್ಕನ್ನು ಡಾಟಾ ಭಾಗದಲ್ಲಿ ಸೇರಿಸಿ. ಬಣ್ಣ, ಚಿತ್ರ, ಲೋಗೋ ಕಡೆಗೆ ಈಗ ನೋಡಲೇಬೇಡಿ. ಡಾಟಾ ಭಾಗದಲ್ಲೇ ಒಂದಿಡೀ ಸಂಜೆ ಕಳೆಯಿರಿ.

ಮೊದಲು ಕಾಲಂಗಳ ಜಾತಿ (ಟೈಪ್). ತೂಕ ಡೆಸಿಮಲ್, ಮೂರು ಸ್ಥಾನ. ಹಣ ಪ್ರೈಸ್. ರದ್ದು ಯೆಸ್-ನೋ. ಆಪ್‌ಶೀಟ್ ಊಹಿಸಿದ್ದನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿ. ತೂಕವನ್ನು ಪೂರ್ಣ ಅಂಕಿ ಎಂದು ಊಹಿಸಿದ್ದರೆ 129.800 ಇದ್ದದ್ದು ಕೆಡುತ್ತದೆ.

ಆಮೇಲೆ ಪಟ್ಟಿಗಳ ನಂಟು. ಖರೀದಿಯಲ್ಲಿ ಕೃಷಿಕರ ಕಾಲಂ "ರೆಫ್" (ಇನ್ನೊಂದು ಪಟ್ಟಿಯ ಸಾಲಿಗೆ ಕೊಂಡಿ) ಆಗಬೇಕು. ಖರೀದಿ ಸಾಲಿನಲ್ಲಿ ಖರೀದಿಯ ಕಾಲಂ ಕೂಡ ರೆಫ್, ಅದರ ಜೊತೆ "ಈಸ್ ಎ ಪಾರ್ಟ್ ಆಫ್" ಆನ್ ಮಾಡಿ. ಆಗ ಖರೀದಿಯ ಫಾರ್ಮ್ ಒಳಗೇ ಸಾಲುಗಳನ್ನು ಸೇರಿಸುತ್ತಾ ಹೋಗಬಹುದು.

ಈಗ ಧಾರಣೆ. ಫಾರ್ಮುಲಾ ಹಾಕಲು ಎರಡು ಜಾಗ ಕಾಣುತ್ತದೆ: "ಇನಿಷಿಯಲ್ ವ್ಯಾಲ್ಯೂ" ಮತ್ತು "ಆ್ಯಪ್ ಫಾರ್ಮುಲಾ". ಧಾರಣೆಗೆ ಇನಿಷಿಯಲ್ ವ್ಯಾಲ್ಯೂವನ್ನೇ ಬಳಸಿ. ಅದು ಹೊಸ ಸಾಲು ಸೇರಿಸುವಾಗ ತುಂಬಿ, ಆಮೇಲೆ ಹಾಗೇ ಉಳಿಯುತ್ತದೆ. ಆ್ಯಪ್ ಫಾರ್ಮುಲಾ ಹಾಕಿದರೆ ಯಾರಾದರೂ ಹಳೆ ಸಾಲು ತೆರೆದು ಟಿಪ್ಪಣಿ ತಿದ್ದಿದರೂ ಧಾರಣೆ ಇವತ್ತಿನದ್ದಾಗಿಬಿಡುತ್ತದೆ. ವರ್ಚುವಲ್ ಕಾಲಂ (ಶೀಟ್‌ನಲ್ಲಿ ಇಲ್ಲದೆ ಆ್ಯಪ್‌ನಲ್ಲಿ ಮಾತ್ರ ಇರುವುದು) ಇನ್ನೂ ಅಪಾಯ. ಅದು ಪ್ರತಿ ಸಲ ಹೊಸದಾಗಿಯೇ ಲೆಕ್ಕ ಹಾಕುತ್ತದೆ. ನಾನು ಸಿಕ್ಕಿಬಿದ್ದದ್ದು ಅದರಲ್ಲೇ. ಬಾಕಿಗೆ ವರ್ಚುವಲ್ ಸರಿ, ಧಾರಣೆಗೆ ಅಲ್ಲ.

ಕೊನೆಗೆ ಪರದೆ. ತಕ್ಕಡಿಯವರಿಗೆ "ಹೊಸ ಖರೀದಿ" ಒಂದೇ ಸಾಕು. ಮೇಜಿನವರಿಗೆ "ಇವತ್ತಿನ ಖರೀದಿ" ಮತ್ತು "ಬಾಕಿ". ಕಾಲಂನ "ಡಿಸ್‌ಪ್ಲೇ ನೇಮ್" ಜಾಗದಲ್ಲಿ ಕನ್ನಡ ಹೆಸರು ಬರೆಯಿರಿ. ಕೆಲಸದವರಲ್ಲಿ ಕೆಲವರಿಗೆ ಮಲಯಾಳ ಮಾತ್ರ ಓದಲು ಬರುವುದಾದರೆ ಎರಡೂ ಲಿಪಿಯಲ್ಲಿ ಒಟ್ಟಿಗೆ ಬರೆದುಬಿಡಿ, ಚಿಕ್ಕ ಪದಗಳಾದ್ದರಿಂದ ಜಾಗ ಸಾಲುತ್ತದೆ. ಎಐ ಮಾಡಿದ ಮಲಯಾಳ ಅನುವಾದವನ್ನು ಮಾತ್ರ ಅಂಗಡಿಯ ಒಬ್ಬ ಮಲಯಾಳಿಯಿಂದ ಓದಿಸಿಯೇ ಹಾಕಿ.

## ಹಂತ 7: ಫಾರ್ಮುಲಾ ಕೇಳುವ ಕ್ರಮ

ಒಂದು ಸಲಕ್ಕೆ ಒಂದು ಫಾರ್ಮುಲಾ. ಕೇಳುವಾಗ ಪಟ್ಟಿಯ ಹೆಸರು, ಕಾಲಂ ಹೆಸರು ಇದ್ದ ಹಾಗೇ ಕೊಡಿ. ಜೊತೆಗೆ ನಿಮ್ಮ ಹಳೆ ಚೀಟಿಯ ಲೆಕ್ಕ ಮತ್ತು ಬರಬೇಕಾದ ಉತ್ತರ ಕೊಡಿ: "129.800 ಬರಬೇಕು." ಕೊಟ್ಟ ಫಾರ್ಮುಲಾವನ್ನು ಕನ್ನಡದಲ್ಲಿ ಒಂದೊಂದು ತುಂಡಾಗಿ ವಿವರಿಸಲು ಹೇಳಿ. ಅದು ಹೇಳಿದ್ದು ನಿಮಗೆ ಅರ್ಥವಾಗದಿದ್ದರೆ ಹಾಕಬೇಡಿ.

ಎಐ ದಾರಿ ತಪ್ಪಿದೆ ಎಂದು ತಿಳಿಯುವ ಗುರುತುಗಳು ಇವೆ. ಆಪ್‌ಶೀಟ್‌ಗೆ ವಿ-ಲುಕಪ್ ಹಾಕು ಎಂದು ಅದು ಹೇಳಿದರೆ ಅದು ಶೀಟ್ಸ್‌ನ ಫಾರ್ಮುಲಾವನ್ನು ತಂದು ಇಲ್ಲಿ ಇಡುತ್ತಿದೆ. ಆಪ್‌ಶೀಟ್‌ನಲ್ಲಿ ಇರುವುದು ಲುಕಪ್ ಮತ್ತು ಸೆಲೆಕ್ಟ್. "ಯುಎಕ್ಸ್ ಟ್ಯಾಬ್‌ಗೆ ಹೋಗಿ" ಎಂದರೆ ಅದಕ್ಕೆ ಗೊತ್ತಿರುವುದು ಹಳೆ ಪರದೆ, ಈಗ ಅದು "ವ್ಯೂಸ್". ಒಂದೇ ತಪ್ಪಿಗೆ ಮೂರು ಸಲ "ಕ್ಷಮಿಸಿ, ಇದು ಸರಿಯಾದದ್ದು" ಎಂದು ಹೊಸ ಹೊಸ ಫಾರ್ಮುಲಾ ಕೊಟ್ಟರೆ ಆ ಮಾತುಕತೆ ಬಿಡಿ. ಹೊಸ ಚಾಟ್ ತೆರೆದು, ಬಂದ ಎರರ್ ಸಂದೇಶವನ್ನು ಅಕ್ಷರ ಬಿಡದೆ ಅಂಟಿಸಿ, ಮೊದಲಿಂದ ಕೇಳಿ.

ಕೃಷಿಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ಕಳುಹಿಸಲು ಒಂದು ಬಟನ್ ಮಾಡಬಹುದು. ವಾಟ್ಸ್‌ಆ್ಯಪ್‌ನ ಲಿಂಕ್ ತೆರೆಯುವ ಆ್ಯಕ್ಷನ್ ಅದು. ಸಂದೇಶದ ಪಠ್ಯವನ್ನು ಎನ್‌ಕೋಡ್‌ಯುಆರ್‌ಎಲ್ (ಪಠ್ಯವನ್ನು ಲಿಂಕಿಗೆ ಹೊಂದುವಂತೆ ಮಾಡುವ ಫಾರ್ಮುಲಾ) ಒಳಗೆ ಇಡಲು ಎಐಗೆ ಹೇಳಿ. ಇಲ್ಲದಿದ್ದರೆ ಕೆಲವು ಚಿಹ್ನೆ ಬಂದಲ್ಲಿ ಸಂದೇಶ ಅರ್ಧಕ್ಕೆ ನಿಲ್ಲುತ್ತದೆ.

## ಹಂತ 8: ಹಳೆ ಚೀಟಿಗಳಿಂದಲೇ ಪರೀಕ್ಷೆ

ಆ ಮೂವತ್ತು ಚೀಟಿಗಳನ್ನು ಈಗ ಆ್ಯಪ್‌ಗೆ ಹಾಕಿ. ನೀವಲ್ಲ, ದಿನಾ ಬರೆಯುವವರೇ ಹಾಕಲಿ. ನೀವು ಪಕ್ಕದಲ್ಲಿ ಸುಮ್ನೆ ಕೂತು ನೋಡಿ, ಬಾಯಿ ಬಿಡಬೇಡಿ. ಅವರ ಬೆರಳು ಎಲ್ಲಿ ನಿಂತಿತೋ ಅಲ್ಲಿ ಆ್ಯಪ್ ಸರಿಯಿಲ್ಲ. ಮೂವತ್ತರ ಮೊತ್ತವೂ ಚೀಟಿಗೆ ತಾಳೆ ಆಗಬೇಕು. ಇಪ್ಪತ್ತೊಂಬತ್ತು ಆದರೆ ಸಾಲದು.

ಆಮೇಲೆ ಬೇಕೆಂದೇ ಕೆಡಿಸಿ ನೋಡಿ. ತೂಕಕ್ಕಿಂತ ಜಾಸ್ತಿ ಗೋಣಿ ಕಡಿತ ಹಾಕಿ. 38.600ರ ಬದಲು 38600 ಹಾಕಿ. ಆ್ಯಪ್ ತಡೆಯಬೇಕು. ತಡೆಯದಿದ್ದರೆ ಆ ಕಾಲಂನ "ವ್ಯಾಲಿಡ್ ಇಫ್" ಜಾಗಕ್ಕೆ ನಿಯಮ ಬೇಕು. ಧಾರಣೆ ಬದಲಾಯಿಸಿ, ಹಳೆ ಖರೀದಿ ತೆರೆದು ಟಿಪ್ಪಣಿ ತಿದ್ದಿ ಸೇವ್ ಮಾಡಿ. ಮೊತ್ತ ಅಲುಗಾಡಬಾರದು.

ಸಿಗ್ನಲ್ ಪರೀಕ್ಷೆ ಬಿಡಲೇಬೇಡಿ. ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಬಳಕೆ ಆನ್ ಮಾಡಿ. ಎರಡು ಮೊಬೈಲನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಎರಡರಲ್ಲೂ ಮೂರು ಮೂರು ಖರೀದಿ ಬರೆಯಿರಿ. ಒಂದೇ ಹಳೆ ಖರೀದಿಯನ್ನು ಎರಡರಲ್ಲೂ ಬೇರೆ ಬೇರೆ ಥರ ತಿದ್ದಿ. ಆಮೇಲೆ ಸಿಗ್ನಲ್ ಕೊಟ್ಟು ಸಿಂಕ್ ಮಾಡಿ (ಮೊಬೈಲಿನಲ್ಲಿ ಬರೆದದ್ದನ್ನು ಶೀಟ್‌ಗೆ ಕಳುಹಿಸಿ). ಹೊಸ ಆರೂ ಬರುತ್ತವೆ. ತಿದ್ದಿದ್ದರಲ್ಲಿ ಕೊನೆಗೆ ಸಿಂಕ್ ಆದದ್ದು ಮಾತ್ರ ಉಳಿಯುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆ "ಹಳೆಯದನ್ನು ತಿದ್ದುವುದು ಮೇಜಿನವರು ಮಾತ್ರ" ಎಂಬ ನಿಯಮ ಯಾಕೆಂದು ಎಲ್ಲರಿಗೂ ತಿಳಿಯುತ್ತದೆ.

## ಹಂತ 9: ಯಾರಿಗೆ ಎಷ್ಟು

ಸೈನ್-ಇನ್ ಕಡ್ಡಾಯ ಮಾಡಿ, ಒಬ್ಬೊಬ್ಬರ ಇಮೇಲ್ ಹಾಕಿ ಆ್ಯಪ್ ಹಂಚಿ. ಶೀಟ್ ಅನ್ನು ಯಾರಿಗೂ ಹಂಚಬೇಕಿಲ್ಲ. ಶೀಟ್ ಲಿಂಕ್ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಎಲ್ಲ ಕೃಷಿಕರ ಬಾಕಿಯೂ ಊರಿಗೆ ಹೋದಂತೆ.

ಪಟ್ಟಿಗಳಲ್ಲಿ "ಡಿಲೀಟ್ಸ್" ಆಯ್ಕೆ ತೆಗೆದುಬಿಡಿ. ಪರದೆ ಅಡಗಿಸಿದ ಮಾತ್ರಕ್ಕೆ ಮಾಹಿತಿ ಭದ್ರ ಅಲ್ಲ. ಅದು ಮೊಬೈಲಿಗೆ ಬಂದಿರುತ್ತದೆ, ಕಾಣುವುದಿಲ್ಲ ಅಷ್ಟೆ. ತಕ್ಕಡಿಯವರ ಮೊಬೈಲಿಗೆ ಬಾಕಿ ಬರಲೇಬಾರದು ಎಂದಿದ್ದರೆ "ಸೆಕ್ಯುರಿಟಿ ಫಿಲ್ಟರ್" (ಯಾರಿಗೆ ಯಾವ ಸಾಲು ಕಳುಹಿಸಬೇಕು ಎಂಬ ನಿಯಮ) ಬೇಕು.

## ಹಂತ 10: ಎರಡು ವಾರ ಚೀಟಿಯೂ ಇರಲಿ

ಸೀಸನ್ ನಡುವೆ ಇಳಿಸಬೇಡಿ. ಮಳೆಗಾಲದ ಕೊನೆಗೆ, ಅಂಗಡಿಯಲ್ಲಿ ಜನ ಕಡಿಮೆ ಇರುವಾಗ ಶುರು ಮಾಡಿ. ಎರಡು ವಾರ ಚೀಟಿ ಮತ್ತು ಆ್ಯಪ್ ಎರಡೂ ನಡೆಯಲಿ. ಸಂಜೆ ಬಾಗಿಲು ಹಾಕುವ ಮೊದಲು ಮೂರು ಅಂಕಿ ತಾಳೆ ನೋಡಿ: ಚೀಟಿಗಳ ಸಂಖ್ಯೆ, ಒಟ್ಟು ಕಿಲೋ, ಕೊಟ್ಟ ನಗದು. ಸತತ ಹತ್ತು ದಿನ ತಾಳೆ ಆದರೆ ಚೀಟಿ ಬಿಡಬಹುದು. ಒಂದು ದಿನ ತಪ್ಪಿದರೆ ಕಾರಣ ಸಿಗುವ ತನಕ ಎಣಿಕೆ ಮತ್ತೆ ಒಂದರಿಂದ.

ವಾರಕ್ಕೊಮ್ಮೆ ಶೀಟ್‌ನ ನಕಲು ಮಾಡಿ ತಾರೀಕು ಬರೆದಿಡಿ. 2025ರ ಜುಲೈಯಲ್ಲಿ ರೆಪ್ಲಿಟ್ ಎಂಬ ಆ್ಯಪ್ ಕಟ್ಟುವ ವೇದಿಕೆಯ ಎಐ, ಏನೂ ಬದಲಾಯಿಸಬೇಡ ಎಂದು ಹೇಳಿದ್ದರೂ ಒಬ್ಬ ಬಳಕೆದಾರರ ಚಾಲ್ತಿಯಲ್ಲಿದ್ದ ಡಾಟಾಬೇಸನ್ನೇ ಅಳಿಸಿಹಾಕಿತ್ತು. ಎಐ ಸಲಹೆ ಕೊಡಲಿ, ಫಾರ್ಮುಲಾ ಬರೆಯಲಿ. ನಿಜವಾದ ಲೆಕ್ಕ ಇರುವ ಶೀಟ್‌ಗೆ ಅದು ನೇರ ಕೈ ಹಾಕುವಂತೆ ಬಿಡಬೇಡಿ. ಏನಾದರೂ ಹೊಸದು ಮಾಡಿ ನೋಡಬೇಕಾದರೆ ಆ್ಯಪ್‌ನ ನಕಲು ತೆಗೆದು ಅದರಲ್ಲಿ ಮಾಡಿ.

ವಿವರಣೆ ಬರೆದ ಕೂಡಲೇ ಪೂರ್ತಿ ವೆಬ್ ಆ್ಯಪ್ ಮಾಡಿಕೊಡುವ ಸಾಧನಗಳ ಬಗ್ಗೆ ಹಲವರು ಕೇಳುತ್ತಾರೆ. ಗೋಣಿ ಲೆಕ್ಕ ಹಾಕುವ ಚಿಕ್ಕ ಕ್ಯಾಲ್ಕುಲೇಟರ್‌ಗೆ ಅವು ಒಳ್ಳೆಯದೇ. ಖರೀದಿ ಲೆಕ್ಕಕ್ಕೆ ಬಳಸುವುದಾದರೆ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಖರೀದಿ ಬರೆದು, ಇನ್ನೊಂದು ಮೊಬೈಲಿನಲ್ಲಿ ತೆರೆಯಿರಿ. ಅಲ್ಲಿ ಕಾಣದಿದ್ದರೆ ಲೆಕ್ಕ ಇರುವುದು ಮೊದಲ ಮೊಬೈಲಿನ ಬ್ರೌಸರ್ ಒಳಗೆ ಮಾತ್ರ. ಬ್ರೌಸರ್ ಶುಚಿ ಮಾಡಿದ ದಿನ ಅದು ಹೋಗುತ್ತದೆ.

## ಶುರುವಾದ ಮೇಲೆ ಹೊಸ ಕಾಲಂ ಬೇಕಾದಾಗ

ಹೆಚ್ಚಿನ ಆ್ಯಪ್‌ಗಳು ಕೆಡುವುದು ಎರಡನೇ ತಿಂಗಳಲ್ಲಿ, "ಒಂದೇ ಒಂದು ಕಾಲಂ" ಸೇರಿಸುವಾಗ. ಕ್ರಮ ಹೀಗಿರಲಿ. ಸಂಜೆ ಎಲ್ಲರ ಮೊಬೈಲೂ ಸಿಂಕ್ ಆಗಿದೆಯೇ ನೋಡಿ. ಶೀಟ್‌ನ ನಕಲು ಮಾಡಿ. ಹೊಸ ಕಾಲಂ ಅನ್ನು ಬಲತುದಿಯಲ್ಲೇ ಸೇರಿಸಿ, ನಡುವೆ ತೂರಿಸಬೇಡಿ. ಇದ್ದ ಕಾಲಂನ ಹೆಸರು ಬದಲಾಯಿಸಬೇಡಿ. ಆಪ್‌ಶೀಟ್‌ನಲ್ಲಿ ಆ ಪಟ್ಟಿಯ "ರೀಜನರೇಟ್ ಸ್ಕೀಮಾ" ಒತ್ತಿ, ಆಗ ಅದು ಶೀಟ್‌ನ ಕಾಲಂಗಳನ್ನು ಮತ್ತೆ ಓದುತ್ತದೆ. ಜಾತಿ ಸರಿಯಾಗಿದೆಯೇ ನೋಡಿ. ಹಳೆ ಚೀಟಿಯ ಆ ಒಂದು ಲೆಕ್ಕ ಹಾಕಿ ನೋಡಿ. ಉತ್ತರ ಮೊದಲಿನದ್ದೇ ಬಂದರೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಎಲ್ಲ ಮೊಬೈಲಲ್ಲೂ ಒಮ್ಮೆ ಸಿಂಕ್ ಒತ್ತಿಸಿ. ಬರದಿದ್ದರೆ ಆಪ್‌ಶೀಟ್‌ನ ವರ್ಷನ್ ಪಟ್ಟಿಯಿಂದ ನಿನ್ನೆಯದ್ದಕ್ಕೆ ಹಿಂದೆ ಹೋಗಿ. ಆದರೆ ಅದು ಆ್ಯಪ್‌ನ ಕಟ್ಟಡವನ್ನು ಮಾತ್ರ ಹಿಂದಕ್ಕೆ ತರುತ್ತದೆ, ಶೀಟ್‌ನ ಲೆಕ್ಕವನ್ನಲ್ಲ. ಅದಕ್ಕೆ ಬೇಕಾಗುವುದು ಸಂಜೆ ತೆಗೆದಿಟ್ಟ ನಕಲು.